ಗಣಪಣ್ಣನ ದಶಾವತಾರಿ ಏಣಿ

ಕಾಳುಮೆಣಸಿನ ಗೊಂಚಲುಗಳಲ್ಲಿ ಒಂದೆರಡು ಕಾಳು ಕೆಂಪಾಗತೊಡಗಿದ ಪುಷ್ಯಮಾಸದ ಸಂಜೆ, ಶಿರಸಿ ಸೀಮೆಯ ನಮ್ಮೂರಿನ ಗಣಪಣ್ಣನ ಜಗಲಿಯಲ್ಲಿ ಕವಳದ ತಟ್ಟೆಯನ್ನು ನಡುವೆ ಇಟ್ಟುಕೊಂಡು ನಾವು ಐವರು ಒಂದು ಏಣಿಯ ಜಾತಕ ನೋಡುತ್ತಿದ್ದೆವು. ಅದು ಗಣಪಣ್ಣ ತಾನೇ ನಕ್ಷೆ ಬರೆದು ಪೇಟೆಯಲ್ಲಿ ಮಾಡಿಸಿದ ಅಲ್ಯೂಮಿನಿಯಂ ಏಣಿ. 6 ಅಡಿಯ ನಾಲ್ಕು ತುಂಡುಗಳು. ಒಂದರ ಕಾಲನ್ನು ಇನ್ನೊಂದರ ತಲೆಗೆ ತೂರಿಸಿ ಪಿನ್ನು ಹಾಕಿದರೆ ಮೆಣಸು ಕೊಯ್ಯುವ ಉದ್ದನೆಯ ಏಣಿ. ಎರಡು ತುಂಡುಗಳ ತಲೆಗಳನ್ನು ಕೀಲಿನಿಂದ ಕೂಡಿಸಿದರೆ ತನ್ನ ಕಾಲ ಮೇಲೆ ತಾನೇ ನಿಲ್ಲುವ ಮಡಚುವ ಏಣಿ. ಅಡ್ಡ ಮಲಗಿಸಿದರೆ ಮಳೆಗಾಲದಲ್ಲಿ ಹಳ್ಳಕ್ಕೆ ಕಾಲುಸಂಕ. ಜೋತು ಹಾಕಿದರೆ ಬಾಳೆಗೊನೆ ತೂಗುಬಿಡಲು ಚೌಕಟ್ಟು.

“ಇದು ಏಣಿಯಲ್ಲ ಗಣಪಣ್ಣ, ದಶಾವತಾರ” ಎಂದರು ಮೇಷ್ಟ್ರು.

“ಹನ್ನೊಂದನೆಯ ಅವತಾರವೂ ಅದರಲ್ಲೇ ಇದೆ” ಎಂದು ಪುರೋಹಿತರಾದ ಭಟ್ಟರು ಅಡಿಕೆ ಕತ್ತರಿಸುತ್ತ ಹೇಳಿದರು. “ಉದ್ದಕ್ಕೆ ಎರಡು ಗಳ, ನಡುವೆ ಅಡ್ಡಪಟ್ಟಿ. ಊರಿನವರೆಲ್ಲರೂ ಒಮ್ಮೆ ಹತ್ತುತ್ತಾರೆ, ಇಳಿದವರನ್ನು ಮಾತ್ರ ನಾನು ಕಂಡಿಲ್ಲ.”

ಬೆಂಗಳೂರಿನಿಂದ ರಜೆಗೆ ಬಂದಿದ್ದ ಇಂಜಿನಿಯರ್ ಭಾವ ನಗಲಿಲ್ಲ. ಅವನು ಒಂದು ತುಂಡಿಗೆ ಇನ್ನೊಂದನ್ನು ಸಿಕ್ಕಿಸಿ ಅಲ್ಲಾಡಿಸಿ ನೋಡುತ್ತಿದ್ದ. ಜೋಡು ‘ಕಟಕಟ’ ಎಂದಿತು.

“ಗಣಪಣ್ಣ, ಒಳಕೊಳವೆ ಎಷ್ಟು ಉದ್ದ ಒಳಗೆ ಹೋಗುತ್ತದೆ?”

“ಅರ್ಧ ಅಡಿ. ಸಡಿಲವೆಂದರೆ ಒಂದೇ ಒಂದು ಮಿಲಿಮೀಟರ್. ಅಷ್ಟೂ ಇಲ್ಲದಿದ್ದರೆ ಬಿಚ್ಚುವುದಾದರೂ ಹೇಗೆ?”

ಭಾವ ನಶ್ಯದ ಡಬ್ಬಿಯ ಮೇಲೆಯೇ ಲೆಕ್ಕ ಬರೆದ. ಅರ್ಧ ಅಡಿಯಲ್ಲಿ ಒಂದು ಮಿಲಿಮೀಟರ್ ವಾಲಿದ ಜೋಡು ತನ್ನ ಮೇಲಿನ ಉದ್ದವನ್ನೆಲ್ಲ ಅದೇ ಪ್ರಮಾಣದಲ್ಲಿ ವಾಲಿಸುತ್ತದೆ. ಕೆಳಗಿನ ಜೋಡು ತುದಿಯನ್ನು 33 ಮಿಲಿಮೀಟರ್, ನಡುವಿನದು 22, ಮೇಲಿನದು 11 ಸರಿಸಿದರೆ, ಮೂರೂ ಒಂದೇ ಕಡೆ ಒಲಿದ ದಿನ ತುದಿಯಲ್ಲಿ ನಿಂತವನು ಆರೂವರೆ ಸೆಂಟಿಮೀಟರಿಗೂ ಮೀರಿ ಪಕ್ಕಕ್ಕೆ ಹೋಗಿರುತ್ತಾನೆ. ಒಳಕೊಳವೆಯನ್ನು ಒಂದು ಅಡಿಗೆ ಹೆಚ್ಚಿಸಿದರೆ ತೂಗಾಟ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ, ಆದರೆ 24 ಅಡಿಯ ಏಣಿಯಲ್ಲಿ 3 ಅಡಿಯನ್ನು ಜೋಡುಗಳೇ ನುಂಗುತ್ತವೆ.

“ಈಗಲೂ ಒಂದೂವರೆ ಅಡಿ ನುಂಗಿವೆ” ಎಂದೆ ನಾನು. ಗಣಪಣ್ಣ ಬೆಚ್ಚಿದ. ಇಪ್ಪತ್ತನಾಲ್ಕು ಅಡಿಗೆ ಕೊಟ್ಟ ದುಡ್ಡಿನಲ್ಲಿ ಇಪ್ಪತ್ತೆರಡೂವರೆ ಅಡಿ ಮಾತ್ರ ಆಕಾಶಕ್ಕೆ ಸಂದಾಯವಾಗಿದೆ ಎಂಬ ಸಂಗತಿ ಅವನಿಗೆ ಆ ಕ್ಷಣದಲ್ಲೇ ಹೊಳೆದಂತಿತ್ತು.

ಮೇಷ್ಟ್ರು ಇತಿಹಾಸ ಕಲಿಸಿದವರು; ಯಾರ ಸಂಕಟಕ್ಕೂ ಅವರ ಬಳಿ ಹಳೆಯದೊಂದು ಜೊತೆಯಿರುತ್ತದೆ. “ಗಿಡ್ಡ ಏಣಿಯಿಂದ ಮರ್ಯಾದೆ ಕಳೆದುಕೊಂಡವನು ನೀನೊಬ್ಬನೇ ಅಲ್ಲ. ಮ್ಯಾಸಿಡೋನಿಯದ ದೊರೆ ಐದನೆಯ ಫಿಲಿಪ್ ಕ್ರಿ.ಪೂ. 217ರಲ್ಲಿ ಮೆಲಿಟಿಯ ಎಂಬ ಪಟ್ಟಣದ ಮೇಲೆ ದಾಳಿ ಮಾಡಿ, ಏಣಿಗಳು ಗೋಡೆಗೆ ಎಟುಕದೆ ಹಿಂದಿರುಗಿದ. ಅದನ್ನು ದಾಖಲಿಸಿದ ಪಾಲಿಬಿಯಸ್ ಎಂಬ ಇತಿಹಾಸಕಾರ, ಗೋಡೆ 10 ಅಳತೆಯಿದ್ದರೆ ಏಣಿ 12 ಇರಬೇಕು, ಬುಡವು ಗೋಡೆಯಿಂದ ಏಣಿಯ ಅರ್ಧದಷ್ಟು ದೂರವಿರಬೇಕು, ದೂರ ಹೆಚ್ಚಿದರೆ ಏಣಿ ಮುರಿಯುತ್ತದೆ, ಕಡಿಮೆಯಾದರೆ ಮಗುಚುತ್ತದೆ ಎಂದು ಬರೆದಿಟ್ಟಿದ್ದಾನೆ.”

“ಆ ದೊರೆಯ ಬಳಿ ನನ್ನ ಏಣಿ ಇದ್ದಿದ್ದರೆ ಇನ್ನೊಂದು ತುಂಡು ಸಿಕ್ಕಿಸಿಬಿಡುತ್ತಿದ್ದ” ಎಂದು ಗಣಪಣ್ಣ ಚೇತರಿಸಿಕೊಂಡ.

“ಅವನು ಪಿನ್ನು ಹುಡುಕುವಷ್ಟರಲ್ಲಿ ಗೋಡೆಯ ಮೇಲಿನವರು ಕಲ್ಲು ಹಾಕಿ ಮುಗಿಸಿರುತ್ತಿದ್ದರು” ಎಂದರು ಭಟ್ಟರು.

ಪಾಲಿಬಿಯಸ್ ಹೇಳಿದ್ದು 60 ಡಿಗ್ರಿಯ ಓರೆ, ಈಗಿನವರು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ದೂರವೆಂದು ಸುಮಾರು 75 ಡಿಗ್ರಿ ಇಡುತ್ತಾರೆ ಎಂದು ಭಾವ ವಿವರಿಸಿದ. ಅಲ್ಲಿಂದ ಅವನು ಕಾಲುಸಂಕದ ಮೇಲೆ ಕೈಹಾಕಿದ. ಆ ಓರೆಯಲ್ಲಿ ನಿಂತ ಏಣಿಯನ್ನು 60 ಕಿಲೋ ತೂಕದ ಮನುಷ್ಯ ಬಾಗಿಸುವುದು ತನ್ನ ಭಾರದ ಕಾಲುಭಾಗದಿಂದ, ಎಂದರೆ ಹದಿನೈದು ಕಿಲೋ ಚಿಲ್ಲರೆಯಿಂದ ಮಾತ್ರ; ಉಳಿದ ಒತ್ತಡ ಗಳದ ಉದ್ದಕ್ಕೂ ಇಳಿದು ನೆಲ ಸೇರುತ್ತದೆ. ಅದೇ ಏಣಿಯನ್ನು ಹಳ್ಳಕ್ಕೆ ಅಡ್ಡ ಮಲಗಿಸಿ ನಡುವೆ ನಿಂತರೆ ಅರವತ್ತಕ್ಕೆ ಅರವತ್ತೂ ಬಾಗಿಸುವ ಕೆಲಸಕ್ಕೇ ನಿಲ್ಲುತ್ತದೆ, ಮತ್ತು ಭಾರ ಅತ್ಯಂತ ಹೆಚ್ಚು ಬೀಳುವ ನಟ್ಟನಡುವೆಯೇ ಗಣಪಣ್ಣನ ‘ಕಟಕಟ’ ಜೋಡು ಇರುತ್ತದೆ.

“ಹಿಮಾಲಯದಲ್ಲಿ ಮಾಡುವುದಿಲ್ಲವೇ?” ಎಂದು ಗಣಪಣ್ಣ ಕೊನೆಯ ಬಾಣ ಬಿಟ್ಟ. ಮಾತು ಸುಳ್ಳಲ್ಲ. ಎವರೆಸ್ಟ್ ದಾರಿಯ ಖುಂಬು ಹಿಮಪ್ರವಾಹದ ಬಿರುಕುಗಳಿಗೆ ಶೆರ್ಪಾಗಳು ಅಲ್ಯೂಮಿನಿಯಂ ಏಣಿಗಳನ್ನು ತುದಿಗೆ ತುದಿ ಕೂಡಿಸಿ ಅಡ್ಡ ಹಾಕುತ್ತಾರೆ. ಆದರೆ ಅಲ್ಲಿ ಜೋಡು ಎಂದರೆ ಹಗ್ಗದ ಬಿಗಿ ಕಟ್ಟು. ಮೇಲಾಗಿ ದಾಟುವವರ ಸೊಂಟ ಬೇರೊಂದು ಹಗ್ಗಕ್ಕೆ ತಗುಲಿರುತ್ತದೆ. ಗಣಪಣ್ಣನ ಸಂಕ ದಾಟುವ ಸೊಸೈಟಿಯ ಗುಮಾಸ್ತರನ್ನು ಹಾಗೆ ಕಟ್ಟುವುದು ಯಾರಿಂದ ಸಾಧ್ಯ?

ನನ್ನ ಒಲವು ಮೊದಲಿನಿಂದಲೂ ಒಂಟಿ ಬಿದಿರಿನ ಏಣಿಯ ಕಡೆಗೆ. ಒಂದೇ ಗಳ, ಗೆಣ್ಣು ಗೆಣ್ಣಿಗೂ ಕವಲನ್ನು ಮೋಟಾಗಿ ಉಳಿಸಿದ ಮೆಟ್ಟಿಲು. ಮೆಟ್ಟಿಲಿನ ಅಂತರವನ್ನು ಬಿದಿರೇ ನಿರ್ಧರಿಸುವುದರಿಂದ ಹತ್ತುವವನು ತನ್ನ ಕಾಲನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು ಎಂಬುದು ನಿಜ. ಆದರೂ ಅದು ಬಳ್ಳಿಯ ಸಂದಿನಲ್ಲಿ ನುಸುಳಿ ನಿಲ್ಲುತ್ತದೆ, ಗೊಂಚಲು ಜಜ್ಜುವುದಿಲ್ಲ, ಮತ್ತು ಅದರ ಜೋಡುಗಳು ಬೆಳೆದೇ ಬಂದವು. “ಅದನ್ನು ಮಡಚಿ ಜೀಪಿನಲ್ಲಿ ತಾ ನೋಡೋಣ” ಎಂದ ಗಣಪಣ್ಣನಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹಿಂದಿನ ವರ್ಷ ನನ್ನ ಗಳ ತಿರುವಿನಲ್ಲಿ ಬಸ್ಸಿನ ಕಿಟಕಿಯೊಳಗೆ ಇಣುಕಿದ್ದು ಎಲ್ಲರಿಗೂ ನೆನಪಿತ್ತು.

ನಗು ನಿಂತದ್ದು ಭಟ್ಟರು ತೋಟದ ಮೇಲೆ ಹಾದ ಕರೆಂಟಿನ ತಂತಿಯನ್ನು ತೋರಿಸಿದಾಗ. ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಕೆಲಸದವರು ಸತ್ತ ಸುದ್ದಿ ಕೊಡಗು, ಚಿಕ್ಕಮಗಳೂರಿನ ಕಡೆಯಿಂದ ನಾವೆಲ್ಲರೂ ಓದಿದ್ದೆವು.

“ತುಂಡು ಏಣಿಯ ಲಾಭವೇ ಅದು. ಮೇಲಿನ ತುಂಡನ್ನು ಮಾತ್ರ ಫೈಬರಿನದು ಮಾಡಿಸುತ್ತೇನೆ” ಎಂದ ಗಣಪಣ್ಣ.

“ಮೂರನೆಯ ತುಂಡಿಗೆ ತಾಗುವುದಿಲ್ಲವೆಂದು ತಂತಿ ಬರೆದುಕೊಟ್ಟಿದೆಯೇ?” ಎಂದ ಭಾವ. “ನಾಲ್ಕೂ ಫೈಬರ್ ಆಗಬೇಕು, ಆಗಲೂ ತಂತಿಯ ಹತ್ತಿರದ ಮರಗಳಿಗೆ ಲೈನ್‌ಮನ್ ಬಂದು ಕರೆಂಟು ತೆಗೆದ ಮೇಲೆಯೇ ಏಣಿ.”

ಗಣಪಣ್ಣ ಒಪ್ಪಿದ. ಹೊಸದನ್ನು ಮಾಡಿಸುವ ಮೊದಲು ಇರುವ ನಾಲ್ಕನ್ನೂ ಕೂಡಿಸಿ, ಭಾವನ ತೂಗಾಟದ ಲೆಕ್ಕವನ್ನು ಅಂಗಳದಲ್ಲೇ ಅಳೆದು ನೋಡುವುದೆಂದು ನಿಶ್ಚಯವಾಯಿತು. ಜಗಲಿಯಲ್ಲಿ ಇದ್ದದ್ದು ಎರಡೇ ತುಂಡು. ಇಡೀ ಏಣಿಯನ್ನು ಎರವಲು ಕೇಳಲು ಜನ ಸಂಕೋಚಪಡುತ್ತಾರೆ, ತುಂಡನ್ನು ಕೇಳಲು ಯಾರಿಗೂ ಸಂಕೋಚವಿಲ್ಲ: ಮೂರನೆಯದು ದೀಪ ಕಟ್ಟಲೆಂದು ದೇವಸ್ಥಾನಕ್ಕೆ ಹೋಗಿತ್ತು, ಅದನ್ನು ತರಲು ಭಟ್ಟರು ಹೊರಟರು. ನಾಲ್ಕನೆಯದು ಎಲ್ಲಿ ಎಂದು ಕೂಗಿದಾಗ, ಅದರ ಮೇಲೆ ಬಾಳೆಗೊನೆ ತೂಗುಬಿಟ್ಟಿದ್ದೇನೆ, ಅಟ್ಟದ ಮೇಲಿದೆ ಎಂದು ಅತ್ತಿಗೆ ಒಳಗಿನಿಂದ ಉತ್ತರಿಸಿದರು. ಅಟ್ಟ ಹನ್ನೆರಡು ಅಡಿ ಎತ್ತರ. ಗಣಪಣ್ಣ ನನ್ನ ಮುಖ ನೋಡಿದ. ನಾನು ಬಿದಿರಿನ ಗಳ ತರಲು ಮನೆಗೆ ಹೊರಟೆ.