ಇನ್ಸುಲಿನ್ ಇಡಾಕ ಮನಿ ಫ್ರಿಜ್ಜೋ, ಫಾರ್ಮಾ ಫ್ರಿಜ್ಜೋ? ಅನುಭವ ಹೇಳ್ರಿ

ರಾಯಚೂರು ಹೊಸಬ: ಮೆಡಿಕಲ್ ಶಾಪ್ ಹಾಕಾಕತ್ತೀನ್ರಿ. ಮನಿ ಫ್ರಿಜ್ ಸಾಕೋ, ಔಷಧಿ ಇಡಾಕಂತನ ಮಾಡಿದ ಫಾರ್ಮಾ ಫ್ರಿಜ್ಜೇ ಬೇಕೋ? ಕೈಯಾಗ 50 ಸಾವಿರ ಐತಿ.

ಕಲಬುರಗಿ ಮೆಡಿಕಲ್ಸ್: ನಾ ಫಾರ್ಮಾ ಫ್ರಿಜ್ಜೇ ತಗೊಂಡೀನಿ. ಫ್ರಿಜ್ 72,000, ಸ್ಟೆಬಿಲೈಜರ್ 4,200, ಇನ್ವರ್ಟರ್ ಬ್ಯಾಟರಿ ಸೇರಿ 31,500, ಅದಕ್ಕಂತ ಬ್ಯಾರೆ ವೈರಿಂಗ್ 2,800. ಒಂದು ರೂಪಾಯಿಗೂ ಬ್ಯಾಸರಿಲ್ಲ. ಅದಕ್ಕ ಮೊದಲ ಮೇ ತಿಂಗಳ ಮಧ್ಯಾಹ್ನ ಸ್ಟಾಕಿಸ್ಟ್ (ಹೋಲ್‌ಸೇಲ್‌ನವರ) ಹುಡುಗ ಬೈಕ್ ಮ್ಯಾಲ ಇನ್ಸುಲಿನ್ ತಂದಿದ್ದ, ಜೆಲ್ ಪ್ಯಾಕ್ ಪೂರಾ ಬಿಸಿ. 'ಕೋಲ್ಡ್ ಚೈನ್ (ತಂಪಿನಾಗ ಇಡೋ) ಮಾಲಿಗೆ ರಿಟರ್ನ್ ಇಲ್ಲ' ಅಂದ್ರು. 11,340 ರೂಪಾಯಿ ಮಾಲು ಹೋತು.

ಶಿವಮೊಗ್ಗ ಔಷಧಿ ಅಂಗಡಿ: ದಾರಿಯಲ್ಲಿ ಬಿಸಿಯಾದ ಮಾಲಿಗೂ ನಿಮ್ಮ 72 ಸಾವಿರದ ಫ್ರಿಜ್ಜಿಗೂ ಏನು ಸಂಬಂಧ ಸ್ವಾಮಿ? ನನ್ನದು 190 ಲೀಟರಿನ ಮನೆ ಫ್ರಿಜ್, 15,500. ಥರ್ಮಾಮೀಟರ್ 850. ಬಾಗಿಲಲ್ಲಿ, ತರಕಾರಿ ಟ್ರೇಯಲ್ಲಿ ಬರೀ ನೀರಿನ ಬಾಟಲಿ. ಔಷಧಿ ನಡುವಿನ ತಟ್ಟೆಯಲ್ಲಿ ಮಾತ್ರ, ಹಿಂಬದಿಗೆ ತಾಗದ ಹಾಗೆ. ಕರೆಂಟ್ ಹೋದರೂ ಆ ನೀರು ಸ್ವಲ್ಪ ಹೊತ್ತು ತಂಪು ಹಿಡಿದಿಡುತ್ತೆ. ಬೆಳಗ್ಗೆ, ಸಂಜೆ ರೀಡಿಂಗ್ ಬರೀತೀನಿ, ಇನ್ಸುಲಿನ್ನಿಗೆ ಬೇಕಾದ 2ರಿಂದ 8 ಡಿಗ್ರಿ ದಾಟಿಲ್ಲ. ಡ್ರಗ್ ಇನ್‌ಸ್ಪೆಕ್ಟರ್ ಆ ಪುಸ್ತಕ ನೋಡಿಯೇ ಹೋದರು.

ಕಲಬುರಗಿ ಮೆಡಿಕಲ್ಸ್: ಮಲೆನಾಡ ಮಳಿಯಾಗ ಕುಂತು ಉಪದೇಶ ಮಾಡಬ್ಯಾಡ್ರಿ. ನಮ್ಮ ಕಡೆ ಬ್ಯಾಸಿಗ್ಯಾಗ 43 ಡಿಗ್ರಿ, ಮ್ಯಾಲ ಕರೆಂಟ್ ಇರಂಗಿಲ್ಲ. ನಿಮ್ಮ ಬಾಟಲಿ ಎಷ್ಟೊತ್ತು ತಡೀತದ?

ಮಂಗಳೂರು ಕೌಂಟರ್: ಇಬ್ಬರಿಗೂ ಸೆಕೆಯದ್ದೇ ಚಿಂತೆ. ನನ್ನ ಮಾಲು ಹಾಳಾದದ್ದು ತಂಪಿನಿಂದ. ರಿಪೇರಿಯವ ಗ್ಯಾಸ್ ತುಂಬಿಸಿ ನಾಬ್ ಪೂರ್ತಿ ತಿರುಗಿಸಿ ಹೋದ. ಬೆಳಿಗ್ಗೆ ನೋಡುವಾಗ ಮೈನಸ್ 2. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಕಣ್ಣಿಗೆ ಸರಿಯಾಗಿಯೇ ಕಾಣಬಹುದು, ಆದರೆ ಅದನ್ನು ನಂಬಿ ಕೊಡಲಿಕ್ಕಾಗುವುದಿಲ್ಲ. ಇನ್ಸುಲಿನ್ ಪೆನ್, ಕಾರ್ಟ್ರಿಜ್, ಟಿಟಿ ಇಂಜೆಕ್ಷನ್, ಒಟ್ಟು 18,760 ರೂಪಾಯಿಯದ್ದು ಬಿಸಾಡಿದೆ. ಅವನು ಸರ್ವಿಸ್ ಚಾರ್ಜ್ 600 ಕೂಡ ವಾಪಸ್ ಕೊಡಲಿಲ್ಲ.

ಟೈಪ್ 1 ಡಯಾಬಿಟಿಸ್ ಮಗುವಿನ ಅಮ್ಮ, ಬೆಂಗಳೂರು: ಫ್ರಿಜ್ ಯಾವುದಾದ್ರೂ ಇರಲಿ, ತೆಗೆದ ಮೇಲೆ? ಬಿಲ್ ಆಗೋವರೆಗೂ ಕೌಂಟರ್ ಮೇಲೆ ಇಟ್ಟಿರ್ತಾರೆ, ಆಮೇಲೆ ಪೇಪರ್ ಕವರ್‌ನಲ್ಲಿ ಹಾಕಿ ಕೊಡ್ತಾರೆ. ಐಸ್ ಪ್ಯಾಕ್ ಕೇಳಿದ್ರೆ 40 ರೂಪಾಯಿ.

ಕಲಬುರಗಿ ಮೆಡಿಕಲ್ಸ್: ಆ ಪ್ಯಾಕಿಗೆ ನಾವೂ ರೊಕ್ಕ ಕೊಟ್ಟಿರ್ತೀವ್ರಿ ಅಕ್ಕಾರ. ಆನ್‌ಲೈನ್‌ನವರಷ್ಟು ಡಿಸ್ಕೌಂಟೂ ಬೇಕು, ಪ್ಯಾಕೂ ಪುಕ್ಕಟೆ ಬೇಕಂದ್ರ ಹ್ಯಾಂಗ? ಗಾಡಿ ಡಿಕ್ಕಿಯಾಗ ಬಿಸಲಿಗಿಟ್ಟು ಮರುದಿನ ಬದಲಿ ಕೊಡ್ರಿ ಅಂತ ಬರ್ತಾರ.

ಟೈಪ್ 1 ಡಯಾಬಿಟಿಸ್ ಮಗುವಿನ ಅಮ್ಮ, ಬೆಂಗಳೂರು: ನಾನು ಡಿಸ್ಕೌಂಟ್ ಕೇಳೇ ಇಲ್ಲ. ಪೂರ್ತಿ ಎಂಆರ್‌ಪಿ ಕೊಟ್ಟು, ಮನೆಯಿಂದ ಫ್ಲಾಸ್ಕ್ ತಗೊಂಡು ಹೋಗ್ತೀನಿ.

ಶಿವಮೊಗ್ಗ ಔಷಧಿ ಅಂಗಡಿ: ನಮ್ಮಲ್ಲಿ ಪ್ಯಾಕಿಗೆ ದುಡ್ಡಿಲ್ಲ ಅಕ್ಕ.

ಮಂಗಳೂರು ಕೌಂಟರ್: ಬಟ್ಟೆ ಸುತ್ತಿ ಕೊಡ್ತೀರಾ? ಫ್ರೀಜರಿನ ಪ್ಯಾಕ್ ನೇರ ತಾಗಿದರೆ ಇನ್ಸುಲಿನ್ ಅಲ್ಲೇ ಹೆಪ್ಪುಗಟ್ಟಬಹುದು.

ಶಿವಮೊಗ್ಗ ಔಷಧಿ ಅಂಗಡಿ: ನನಗೆ ಹೇಳಿಕೊಡೋಕೆ ಬರಬೇಡಿ. ಮೊದಲು ನಿಮ್ಮ ರಿಪೇರಿಯವನಿಗೆ ಹೇಳಿ.