ಐಇಎಲ್‌ಟಿಎಸ್ ಲಿಸನಿಂಗ್: ಮೂರನೇ ಭಾಗದಲ್ಲೇ ಎಡವುತ್ತಿದ್ದೇನೆ

ಪ್ರಶ್ನೆ:
ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಲಿಸನಿಂಗ್‌ಗೆ (ಆಡಿಯೋ ಕೇಳಿ ಉತ್ತರ ಬರೆಯುವ ವಿಭಾಗ) ಮೂರು ವಾರದಿಂದ ದಿನಕ್ಕೊಂದು ಮಾಕ್ ಟೆಸ್ಟ್ ಮಾಡುತ್ತಿದ್ದೇನೆ. 40ಕ್ಕೆ 26 ದಾಟುತ್ತಿಲ್ಲ. ಮೊದಲೆರಡು ಭಾಗ ಪರವಾಗಿಲ್ಲ. ಮೂರನೆಯದರಲ್ಲಿ ವಿದ್ಯಾರ್ಥಿಗಳು ಚರ್ಚೆ ಮಾಡುವಾಗ ಒಂದು ಉತ್ತರ ತಪ್ಪಿದರೆ ಸಾಕು, ಅದನ್ನೇ ಯೋಚಿಸುತ್ತಾ ಮುಂದಿನ ಎರಡನ್ನೂ ಕಳೆದುಕೊಳ್ಳುತ್ತೇನೆ. ಆಡಿಯೋ ಒಂದೇ ಸಲ ಅಲ್ವಾ, ಏನು ಮಾಡಲಿ?

ಉತ್ತರ 1:
ಹೋದದ್ದು ಹೋಯಿತು, ಮುಂದಕ್ಕೆ ನೋಡಿ. ಕೊನೆಗೆ ಊಹಿಸಿಯಾದರೂ ಬರೆಯಿರಿ. ತಪ್ಪಿಗೆ ಅಂಕ ಕಳೆಯುವುದಿಲ್ಲ.

ಉತ್ತರ 2:
ನನ್ನದೂ ಇದೇ ಗೋಳಾಗಿತ್ತು. ದಿನಕ್ಕೊಂದು ಟೆಸ್ಟ್ ಜಾಸ್ತಿಯಾಯ್ತು, ವಾರಕ್ಕೆರಡು ಸಾಕು. ಉಳಿದ ದಿನ ತಪ್ಪಿದ ಜಾಗವನ್ನಷ್ಟೇ ಐದಾರು ಸಲ ಕೇಳಿ. ಕಿವಿಗೆ ಬಿದ್ದದ್ದನ್ನೆಲ್ಲ ಬರೆದು ಆಡಿಯೋದ ಸ್ಕ್ರಿಪ್ಟ್ ಜೊತೆ ಹೋಲಿಸಿ. ಬೇಜಾರಿನ ಕೆಲಸ, ನಿಜ. ಆದರೆ ಆಗಲೇ ನನ್ನ ತಪ್ಪು ಗೊತ್ತಾಗಿದ್ದು. ಪದಗಳೆಲ್ಲ ಕೇಳಿಸುತ್ತಿದ್ದವು; 'ಬಟ್', 'ಆಕ್ಚುಯಲಿ' ಬಂದ ಮೇಲೆ ಮಾತು ತಿರುಗಿದ್ದೇ ತಿಳಿಯುತ್ತಿರಲಿಲ್ಲ. ಮೊದಲು ಹೇಳಿದ್ದನ್ನೇ ಬರೆದು ಸುಮ್ನೆ ಕೂತಿರುತ್ತಿದ್ದೆ.

ಉತ್ತರ 3:
ಸ್ಪೆಲ್ಲಿಂಗ್ ತಪ್ಪಿದರೂ ಅಂಕ ಹೋಗುತ್ತದೆ. ಪೇಪರ್ ಪರೀಕ್ಷೆಯಲ್ಲಿ ಉತ್ತರ ಹಾಳೆಗೆ ಬರೆಯಲು 10 ನಿಮಿಷ ಸಿಗುತ್ತದೆ. ಕಂಪ್ಯೂಟರಿನಲ್ಲಿ ಸರಿ ನೋಡಲು 2 ನಿಮಿಷ ಮಾತ್ರ.

ಪ್ರಶ್ನೆ ಕೇಳಿದವರು:
ಅಯ್ಯೋ, ನನ್ನದು ಕಂಪ್ಯೂಟರ್! ಇಷ್ಟು ದಿನ 10 ನಿಮಿಷ ಇಟ್ಟುಕೊಂಡು ಅಭ್ಯಾಸ ಮಾಡಿದ್ದೇನೆ.