ಪದಚರ್ಚೆ: ಮೆಡಿಕಲ್ ಶಾಪ್ ಬೋರ್ಡಿಗೆ ‘ಸ್ವಹಾನಿ’ ಸರಿಯಾ?

ಹಾಸನದಿಂದ:
ಇಲ್ಲಿನ ಕೆಲವು ಮೆಡಿಕಲ್ ಶಾಪ್‌ಗಳಿಗೆ ಒಂದು ಚಿಕ್ಕ ಬೋರ್ಡ್ ಮಾಡಿಸುತ್ತಿದ್ದೇವೆ. ಸೆಪ್ಟೆಂಬರ್ 10, ಆತ್ಮಹತ್ಯೆ ತಡೆ ದಿನಕ್ಕೆ ಹಾಕಬೇಕು. ನಾಳೆ ಸಂಜೆಯೊಳಗೆ ಪ್ರೆಸ್ಸಿಗೆ ಕೊಡಬೇಕು. ನಮಗೆ ಬಂದ ಸಾಲು ಇದು: ‘ವೈದ್ಯರ ಸಲಹಾಪತ್ರರಹಿತ ಔಷಧಗಳ ದುರುಪಯೋಗದಿಂದ ಉಂಟಾಗುವ ಸ್ವಹಾನಿಯನ್ನು ತಡೆಗಟ್ಟೋಣ.’ ಓದಿ ಯಾರಿಗೆ ಏನು ಅರ್ಥವಾಗುತ್ತದೆ ಹೇಳಿ. ‘ಸ್ವಹಾನಿ’ಗೆ (ಇಂಗ್ಲಿಷಿನ ಸೆಲ್ಫ್ ಹಾರ್ಮ್) ಬೇರೆ ಪದ ಬೇಕು, ಬೇಗ.

ಸಕಲೇಶಪುರದಿಂದ:
ನಮ್ಮ ಕಡೆ ಹಾನಿ ಅಂದರೆ ಬೆಳೆ ಹಾನಿ. ಆನೆ ತೋಟಕ್ಕೆ ನುಗ್ಗಿದ ಮೇಲೆ ಪರಿಹಾರಕ್ಕೆ ಅರ್ಜಿ ಬರೆಯುತ್ತೇವಲ್ಲ, ಅದು. ‘ಔಷಧ’ವೂ ಬೇಡ. ಕಾಫಿಗೆ ಹೊಡೆಯೋದೂ ಔಷ್ದಿಯೇ. ‘ಔಷ್ದಿ ಕುಡ್ದ’ ಅಂದರೆ ಏನು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ‘ಮಾತ್ರೆ’ ಅಂತಲೇ ಹಾಕಿ.

ಅರಸೀಕೆರೆಯಿಂದ:
‘ಮಾತ್ರೆ’ ಸಂಸ್ಕೃತ. ‘ಮದ್ದು’ ಇರುವಾಗ ಅದೇಕೆ? ತಮಿಳಿನ ಮರುಂದು, ತೆಲುಗಿನ ಮಂದು, ನಮ್ಮ ಮದ್ದು, ಎಲ್ಲ ಒಂದೇ ಬೇರಿನವು. ಇನ್ನು ಆ ‘ಸ್ವ’ ಬೇಡವೇ ಬೇಡ. ಆ ಕೆಲಸಕ್ಕೆ ಕನ್ನಡದಲ್ಲಿ ‘ಕೊಳ್ಳು’ ಇದೆ. ಹೊಗಳಿದ, ಹೊಗಳಿಕೊಂಡ. ‘ಕೇಡು ಮಾಡಿಕೊಳ್ಳು’ ಅಂದರೆ ಮುಗಿಯಿತು.

ಬೇಲೂರಿನಿಂದ:
‘ಕೊಳ್ಳು’ ಒಪ್ಪಿದೆ. ‘ಮದ್ದು’ ಇಲ್ಲ. ಇಲಿಮದ್ದು, ಸಿಡಿಮದ್ದು, ಊಟದಲ್ಲಿ ಯಾರೋ ‘ಮದ್ದು ಹಾಕಿದ್ರು’ ಅನ್ನೋದು. ಮೆಡಿಕಲ್ ಶಾಪ್ ಮುಂದೆ ಇದನ್ನು ಬರೆಸುತ್ತೀರಾ? ‘ಮಾತ್ರೆ’ಯ ಮೂಲ ಅರ್ಥವೇ ಅಳತೆ, ಷಟ್ಪದಿಯಲ್ಲಿ ಎಣಿಸೋದೂ ಅದನ್ನೇ.

ಅರಸೀಕೆರೆಯಿಂದ:
ಹಾಗಾದರೆ ಬೋರ್ಡು, ಪ್ರೆಸ್ಸು, ಮೆಡಿಕಲ್ಲು ಎಲ್ಲ ಇರಲಿ. ಬರೀ ವಿಭಕ್ತಿ ಪ್ರತ್ಯಯ ಕನ್ನಡದ್ದು ಇದ್ದರೆ ಸಾಕಲ್ವಾ?

ಚಿಕ್ಕಮಗಳೂರಿನಿಂದ:
ಸ್ವಾಮಿ, ಕೌಂಟರ್ ಹಿಂದೆ ದಿನಾ ನಿಲ್ಲುವವನು ನಾನು. ಯಾರೂ ‘ಸಲಹಾಪತ್ರ’ ಅನ್ನಲ್ಲ, ‘ಡಾಕ್ಟ್ರ ಚೀಟಿ’ ಅಂತಾರೆ. ಶೆಡ್ಯೂಲ್ ಎಚ್, ಅಂದರೆ ಚೀಟಿ ಇಲ್ಲದೆ ಮಾರಬಾರದ ಮಾತ್ರೆಗೆ, ಚೀಟಿ ಕೇಳುತ್ತೇವೆ. ನೋವಿಗೆ, ಜ್ವರಕ್ಕೆ ಬಂದವರನ್ನು ಏನೂ ಕೇಳಲ್ಲ, ತೊಂದರೆ ಇರೋದು ಅಲ್ಲೇ. ಬ್ರಿಟನ್ನಿನಲ್ಲಿ 1998ರಲ್ಲಿ ನೋವಿನ ಮಾತ್ರೆಯ ಪೊಟ್ಟಣ ಚಿಕ್ಕದು ಮಾಡಿದರು, ಆಮೇಲೆ ಸಾವು ಕಡಿಮೆಯಾಯಿತು. ಆ ಗಳಿಗೆ ಹೇಗೋ ದಾಟಿದರೆ ಎಷ್ಟೋ ಜನ ಉಳಿಯುತ್ತಾರೆ. ಮುಖ ಬಾಡಿಸಿಕೊಂಡು ಬಂದು ಜಾಸ್ತಿ ಕೇಳಿದರೆ ನಾನು ಒಂದೇ ಶೀಟ್ ಕತ್ತರಿಸಿ ಕೊಟ್ಟು, ‘ಯಾರಿಗಮ್ಮಾ, ಏನಾಗಿದೆ?’ ಅಂತೀನಿ. ಕೆಲವರು ಅಲ್ಲೇ ನಿಂತು ಮಾತಾಡುತ್ತಾರೆ.

‘ಆತ್ಮಹತ್ಯೆಗೆ ಶರಣು’ ಅನ್ನೋ ಪೇಪರ್ ಭಾಷೆ ಮಾತ್ರ ಬೋರ್ಡಿಗೆ ತರಬೇಡಿ. 2017ರ ಮಾನಸಿಕ ಆರೋಗ್ಯ ಕಾಯಿದೆಯೇ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತ ನೋಡುತ್ತದೆ. ಇನ್ನೊಂದು ಸಾಲಿಗೆ ಜಾಗ ಮಾಡಿ: ಜಾಸ್ತಿ ನುಂಗಿದವರು ಆರಾಮಾಗಿ ಓಡಾಡುತ್ತಿದ್ದರೂ ಕಾಯಬಾರದು. ಲಿವರ್ ಕೆಟ್ಟಿದ್ದು ಮೊದಲ ದಿನ ಹೊರಗೆ ಕಾಣದೇ ಇರಬಹುದು.

ಹಾಸನದಿಂದ:
ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಕೊಡುತ್ತಿದ್ದೇನೆ:

‘ಮನೆಯಲ್ಲಿ ಮಾತ್ರೆ ಕೂಡಿಡಬೇಡಿ. ಜೀವಕ್ಕೆ ಕೇಡು ಮಾಡಿಕೊಳ್ಳಬೇಕು ಅನ್ನಿಸುತ್ತಿದೆಯಾ? ನಮ್ಮ ಹತ್ತಿರ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಯಾರಾದರೂ ಜಾಸ್ತಿ ನುಂಗಿದ್ದರೆ ಚೆನ್ನಾಗಿ ಕಂಡರೂ ಕೂಡಲೇ 108, ಆಸ್ಪತ್ರೆ.’

ಅರಸೀಕೆರೆಯಿಂದ:
‘ಫೋನ್ ಮಾಡಿ’ ಬದಲು ‘ಕರೆ ಮಾಡಿ’.

ಹಾಸನದಿಂದ:
ಹಾಕುತ್ತೇನೆ ಮೇಷ್ಟ್ರೇ.